ಇನ್ನೂರ ನಾಲ್ಕನೆಯ ಲಕೋಟೆ

ತಿಂಗಳ ಮೊದಲ ತಾರೀಖು ಬೆಳಿಗ್ಗೆ ಏಳೂವರೆಗೆ ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಗೆ ಒರಗಿಸಿ ಒಂದು ಕಂದು ಲಕೋಟೆ ಇಡುವುದು ಸ್ಟೋರಜ್ಜನ ಪದ್ಧತಿ. ಕೈಗೆ ಕೊಡುತ್ತಿರಲಿಲ್ಲ. ಕೈಗೆ ಕೊಟ್ಟರೆ ಮಗಳು ‘ಯಾಕಪ್ಪ ಇದೆಲ್ಲ’ ಅನ್ನಬೇಕಾಗುತ್ತದೆ, ತಾನು ‘ಇರಲಿ, ಇಟ್ಕೋ’ ಅನ್ನಬೇಕಾಗುತ್ತದೆ, ಆ ನಾಟಕ ಇಬ್ಬರಿಗೂ ಬೇಡ. ಹದಿನೇಳು ವರ್ಷದಲ್ಲಿ ಒಂದು ತಿಂಗಳೂ ತಪ್ಪಿರಲಿಲ್ಲ. ಮೂರು ವರ್ಷದ ಕೆಳಗೆ ನ್ಯುಮೋನಿಯಾ ಆದಾಗಲೂ, ಉಸಿರು ಸಿಕ್ಕದೆ ಒದ್ದಾಡುತ್ತಲೇ ಲಕೋಟೆಯನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಆಮೇಲೆ ಆಂಬುಲೆನ್ಸ್ ಹತ್ತಿದ ಆಸಾಮಿ.

ಅವನು ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ಸ್ಟೋರ್ ಕೀಪರ್ ಆಗಿದ್ದವನು. ಬೀದಿಯವರೆಲ್ಲ ಸ್ಟೋರಜ್ಜ ಅನ್ನುವುದು ಅದಕ್ಕೇ. ಇಂಡೆಂಟ್ ಚೀಟಿ ಇಲ್ಲದೆ ಮ್ಯಾನೇಜರಿಗೂ ಒಂದು ವಾಷರ್ ಕೊಟ್ಟವನಲ್ಲ. ಚೀಟಿಯಲ್ಲಿ ವಸ್ತು, ಪ್ರಮಾಣ, ಕಾರಣ, ಬೇಡಿದವರ ಸಹಿ, ಮಂಜೂರು ಮಾಡಿದವರ ಸಹಿ, ಐದೂ ಇರಬೇಕು. ಪ್ರಮಾಣದ ಜಾಗ ಖಾಲಿ ಬಿಟ್ಟು ತಂದವರನ್ನು “ಎಷ್ಟು ಅಂತ ಗೊತ್ತಿಲ್ಲದೆ ಕೇಳಬಾರದು” ಎಂದು ಬಾಗಿಲಿಂದಲೇ ಹಿಂದಕ್ಕೆ ಕಳಿಸುತ್ತಿದ್ದ. ವರ್ಷದ ಕೊನೆಯ ದಿನ ಅವನ ಕಪಾಟುಗಳಲ್ಲಿ ಹೆಚ್ಚುವರಿ ಒಂದು ಬೋಲ್ಟೂ ಇರುತ್ತಿರಲಿಲ್ಲ, ಕಡಿಮೆ ಬಿತ್ತು ಎಂದು ಯಂತ್ರವೂ ನಿಲ್ಲುತ್ತಿರಲಿಲ್ಲ. ಆ ಹೆಮ್ಮೆಯೇ ಅವನನ್ನು ಕೆಡಿಸಿದ್ದು.

ಕಾರ್ಖಾನೆಯಲ್ಲಿ ಪಿಂಚಣಿ ಇರಲಿಲ್ಲ. ಐವತ್ತೆಂಟಕ್ಕೆ ಕೈಗೆ ಒಂದು ಗಂಟು ಕೊಟ್ಟು, ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಹೆಂಡತಿ ಅದಕ್ಕೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ಅವಳ ಮನೆಯಲ್ಲೇ ಇರುವುದೆಂದು ಆಗಿತ್ತು. ಅಜ್ಜ ಗಂಟನ್ನು ಬ್ಯಾಂಕಿನಲ್ಲಿಟ್ಟು, ಬಡ್ಡಿ ಸೇರಿಸಿ, ತಿಂಗಳಿಗೆ ಇಷ್ಟು ತೆಗೆದರೆ ಎಷ್ಟು ತಿಂಗಳು ಬರುತ್ತದೆ ಎಂದು ಒಂದು ವಾರ ಕೂತು ಲೆಕ್ಕ ಹಾಕಿದ. ಇನ್ನೂರ ನಾಲ್ಕು ತಿಂಗಳು. ಮಾರನೆಯ ದಿನ ಸ್ಟೇಷನರಿ ಅಂಗಡಿಗೆ ಹೋಗಿ ಇನ್ನೂರ ನಾಲ್ಕು ಲಕೋಟೆ ಒಟ್ಟಿಗೇ ಕೊಂಡು, ಒಂದು ಬಿಸ್ಕತ್ತಿನ ಡಬ್ಬದಲ್ಲಿ ಜೋಡಿಸಿಟ್ಟ. ಸಗಟಿಗೆ ತಗೊಂಡರೆ ಅಗ್ಗ.

ಆ ತಿಂಗಳು ಡಬ್ಬದ ತಳ ಕಂಡಿತು. ಕೊನೆಯ ಲಕೋಟೆಯ ಅಂಟು ಒಣಗಿಹೋಗಿ ಬಾಯಿ ಮುಚ್ಚುತ್ತಿರಲಿಲ್ಲ. ಹಾಗೇ ಮಡಿಸಿ ಇಟ್ಟ.

ಮಗಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಎಂಟಕ್ಕೆ ಬಸ್ಸು. ಲಕೋಟೆ ತೆಗೆದು ನೋಡದೆಯೇ ಚೀಲಕ್ಕೆ ಹಾಕಿಕೊಂಡಳು.

“ಅಪ್ಪ, ಹಾಲು ಉಕ್ಕದ ಹಾಗೆ ನೋಡ್ಕೊಳ್ಳಿ. ಈ ತಿಂಗಳು ನಿಮ್ಮ ಮೊಮ್ಮಗಳ ಕಾಲೇಜಿನ ಕಂತಿದೆ, ಸದ್ಯ ಇದಾದ್ರೂ ಇದೆ.”

“ಹೂಂ,” ಅಂದ ಅಜ್ಜ.

ಸಂಜೆ ಊಟಕ್ಕೆ ನಾಲ್ವರೂ ಕೂತಿದ್ದರು. ಅಳಿಯ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಕತ್ತಲೆಯ ಕೊಳವೆಯಲ್ಲಿ ಹಗ್ಗ ಹಿಡಿದು ನೇತಾಡುವವನಿಗೆ ಮನೆಗೆ ಬಂದರೆ ಮಾತು ನಿಲ್ಲುವುದಿಲ್ಲ.

“ಇವತ್ತೊಂದು ಲಿಫ್ಟ್ ನೋಡಿದೆ ಮಾವ. ಅವಧಿ ಮುಗಿದು ಹನ್ನೊಂದು ವರ್ಷ ಆಗಿದೆ. ಬೋರ್ಡಿನ ಮೇಲೆ ಬರೆದಿದೆ, ಇಂಥ ವರ್ಷದ ಮೇಲೆ ಬಳಸಬಾರದು ಅಂತ. ಅದರ ಪಾಡಿಗೆ ಅದು ಓಡ್ತಾ ಇದೆ. ಏನು ಮಾಡೋದು ಹೇಳಿ?”

ಅಜ್ಜ ನಕ್ಕ. ಎಲ್ಲರಿಗಿಂತ ಜಾಸ್ತಿ ನಕ್ಕ, ಕೆಮ್ಮು ಬರುವಷ್ಟು. ಮೊಮ್ಮಗಳು ನೀರು ಕೊಟ್ಟಳು.

ಆಮೇಲಿನ ವಾರಗಳಲ್ಲಿ ಅಜ್ಜ ತನ್ನ ಖರ್ಚುಗಳನ್ನು ಒಂದೊಂದಾಗಿ ನಿಲ್ಲಿಸಿದ. ಪೇಪರಿನವನಿಗೆ “ಕಣ್ಣು ಸರಿ ಕಾಣಲ್ಲ, ಮುಂದಿನ ವಾರದಿಂದ ಬೇಡ” ಅಂದ. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು. ಕ್ಷೌರಕ್ಕೆ ಹೋಗಲಿಲ್ಲ. ರಕ್ತದೊತ್ತಡದ ಮಾತ್ರೆ ಮೂರು ಪಟ್ಟಿ ಉಳಿದಿತ್ತು; ಹೆಂಡತಿಯ ಹಳೆಯ ಕತ್ತರಿಯಿಂದ ಪ್ರತಿ ಮಾತ್ರೆಯನ್ನೂ ಎರಡು ಮಾಡಿ ಬೆಂಕಿಪೊಟ್ಟಣದಲ್ಲಿ ಹಾಕಿಟ್ಟ.

ಒಂದು ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಬೀದಿ ಮೂಲೆಯ ಹಾರ್ಡ್‌ವೇರ್ ಅಂಗಡಿಗೆ ಹೋದ. ಅಂಗಡಿಯವನು ನಲವತ್ತರ ಆಸುಪಾಸಿನವನು, ಅಜ್ಜನಿಂದ ಎಷ್ಟೋ ಸಲ ಮೊಳೆಯ ಅಳತೆ ಕೇಳಿ ತಿಳಿದುಕೊಂಡವನು.

“ಬನ್ನಿ ಅಜ್ಜ, ಏನು ಬೇಕಿತ್ತು?”

“ಕೆಲಸ.”

ಅವನು ನಕ್ಕ. ಅಜ್ಜ ನಗದಿದ್ದಾಗ ಅವನ ನಗು ಮೆಲ್ಲಗೆ ಇಳಿಯಿತು.

“ಅಜ್ಜ, ಇಲ್ಲಿ ಏಣಿ ಹತ್ತಬೇಕು. ಸಿಮೆಂಟ್ ಮೂಟೆ ಸರಿಸಬೇಕು.”

“ಲೆಕ್ಕ ನೋಡ್ಕೋತೀನಿ. ಯಾವುದು ಯಾವಾಗ ಮುಗಿಯುತ್ತೆ ಅಂತ ಹೇಳ್ತೀನಿ.”

“ಅದೆಲ್ಲ ಈಗ ಫೋನಲ್ಲೇ ಬರುತ್ತೆ ಅಜ್ಜ. ನಿಮ್ಮನ್ನ ಕೆಲಸಕ್ಕೆ ಇಟ್ಟುಕೊಂಡೆ ಅಂತ ಗೊತ್ತಾದ್ರೆ ನಿಮ್ಮ ಮಗಳು ಬಂದು ನನ್ನ ಜನ್ಮ ಜಾಲಾಡ್ತಾರೆ. ಕೂತ್ಕೊಳ್ಳಿ, ಟೀ ತರಿಸ್ತೀನಿ.”

ಅಜ್ಜ ಕೂತ. ಎದುರಿನ ಡಬ್ಬಿಯಲ್ಲಿ ಎರಡು ಅಳತೆಯ ಸ್ಕ್ರೂಗಳು ಬೆರೆತುಹೋಗಿದ್ದವು. ಟೀ ಆರುವಷ್ಟರಲ್ಲಿ ಎಲ್ಲವನ್ನೂ ಬೇರೆ ಮಾಡಿ ಎರಡು ಡಬ್ಬಿಗೆ ಹಾಕಿದ. ಹಾಗೇ ಎದ್ದು ಬಂದ. ಯಾರೂ ಕೂಲಿ ಕೊಡಲಿಲ್ಲ, ಅವನು ಕೇಳಲೂ ಇಲ್ಲ.

ಮತ್ತೆ ಒಂದನೆಯ ತಾರೀಖು ಬಂತು. ಏಳೂವರೆಗೆ ಮಗಳು ಊಟದ ಡಬ್ಬಿಗಳನ್ನು ಹಿಡಿದು ಅಡುಗೆಮನೆಯಿಂದ ಬಂದಳು. ಉಪ್ಪಿನ ಡಬ್ಬಿ ನೋಡಿದಳು. ಅದನ್ನು ಎತ್ತಿ ಹಿಂದೆ ನೋಡಿದಳು. ಸಕ್ಕರೆ ಡಬ್ಬಿ ಸರಿಸಿದಳು. ಮೇಜಿನ ಕೆಳಗೆ ಬಗ್ಗಿದಳು. ತಲೆ ಎತ್ತಿದಾಗ ಅಜ್ಜ ತನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದ.

“ಏನು ಹುಡುಕ್ತಿದ್ದೀಯಾ?”

“ಏನಿಲ್ಲ. ಕೀಲಿ.”

ಕೀಲಿ ಅವಳ ಕೈಯಲ್ಲೇ ಇತ್ತು. ಇಬ್ಬರೂ ಅದನ್ನು ನೋಡಿದರು. ಅವಳು ಬಸ್ಸಿಗೆ ಹೋದಳು.

ಮೂರು ದಿನ ಯಾರೂ ಬಾಯಿ ಬಿಡಲಿಲ್ಲ. ಅಜ್ಜನ ಬೆನ್ನ ಹಿಂದೆ ಮಾತ್ರ ಗುಸುಗುಸು ಜೋರಾಗಿತ್ತು. ಅಳಿಯ “ಬ್ಯಾಂಕಿಗೆ ಹೋಗೋಕೆ ಆಗಿರಲ್ಲ ಬಿಡು” ಅಂದ. ಇಪ್ಪತ್ತರ ಮೊಮ್ಮಗಳಿಗೆ ಅಜ್ಜನಿಗೆ ಮರೆವು ಶುರುವಾಗಿದೆ ಅನ್ನಿಸಿತ್ತು. ಪರೀಕ್ಷೆ ಮಾಡಲು ಅವನ ಮಂಚದ ತುದಿಯಲ್ಲಿ ಬಂದು ಕೂತಳು.

“ಅಜ್ಜ, ಇವತ್ತು ಯಾವ ವಾರ?”

“ಗುರುವಾರ. ನಾಲ್ಕನೇ ತಾರೀಖು. ನಿನ್ನ ಕೊನೇ ಕಂತಿಗೆ ಇನ್ನು ಐವತ್ತೆಂಟು ದಿನ ಇದೆ. ಡಾಕ್ಟರ ಹತ್ರ ಕರ್ಕೊಂಡು ಹೋಗೋ ಯೋಚನೆ ಇದ್ರೆ ದುಡ್ಡು ಉಳಿಸಿ.”

ಅವತ್ತು ಸಂಜೆ ಊಟಕ್ಕೆ ಕೂತಾಗ ಅವನೇ ಹೇಳಿದ.

“ಕವರ್ ಮುಗೀತು.”

“ಅಯ್ಯೋ, ಅಷ್ಟೇನಾ ಮಾವ,” ಅಳಿಯ ಉಸಿರುಬಿಟ್ಟ. “ಕವರ್ ಇಲ್ಲದೆ ಕೊಟ್ರೆ ನಾವೇನು ಬೇಡ ಅಂತೀವಾ?”

“ಒಳಗೆ ಹಾಕೋದೂ ಮುಗೀತು.”

ಮಗಳು ತಟ್ಟೆಯಿಂದ ಕೈ ತೆಗೆದಳು. “ಮುಗೀತು ಅಂದ್ರೆ? ಎಲ್ಲಾನಾ?”

“ಪಾಸ್‌ಬುಕ್ ತರಲಾ?”

“ಹೇಗಪ್ಪ ಮುಗಿಯುತ್ತೆ? ನೀವು ಹೊರಗೆ ಒಂದು ಟೀ ಕುಡಿದವರಲ್ಲ.”

“ಮುಗಿಯೋ ಹಾಗೇ ಲೆಕ್ಕ ಹಾಕಿದ್ದೆ. ಎಪ್ಪತ್ತೈದಕ್ಕೆ.”

“ಎಪ್ಪತ್ತೈದಕ್ಕೇ ಯಾಕೆ?” ಮೊಮ್ಮಗಳು ಕೇಳಿದಳು.

“ನಮ್ಮಪ್ಪ ಹೋಗಿದ್ದು ಅರವತ್ತಾರಕ್ಕೆ. ಚಿಕ್ಕಪ್ಪ ಅರವತ್ತೊಂಬತ್ತಕ್ಕೆ. ನಮ್ಮಣ್ಣ ಎಪ್ಪತ್ತು ತುಂಬಿದ ವಾರ. ಕೈಯಲ್ಲಿರಲಿ ಅಂತ ಮೇಲೆ ಐದು ವರ್ಷ ಇಟ್ಟೆ. ಸ್ಟೋರಲ್ಲೂ ಹಾಗೇ ಇಡ್ತಿದ್ವಿ.” ಅಜ್ಜ ತಟ್ಟೆಯ ಅಂಚು ಒರೆಸಿದ. “ನ್ಯುಮೋನಿಯಾ ಬಂದಾಗ, ಸರಿ, ಸ್ವಲ್ಪ ಮುಂಚೆನೇ ಆಯ್ತು ಅಂದ್ಕೊಂಡೆ. ಅದು ವಾಸಿ ಆಗಿಬಿಡ್ತು.”

ಅಳಿಯನಿಗೆ ನಗು ಬಂತು, ಬರಬಾರದಿತ್ತು, ನೀರು ಕುಡಿದು ನುಂಗಿಕೊಂಡ. ಮಗಳ ಮುಖ ಕೆಂಪೇರಿತ್ತು.

“ಹದಿನೇಳು ವರ್ಷ ನಮ್ಮ ಜೊತೆ ಕೂತು ಊಟ ಮಾಡಿದ್ರಿ. ಅಷ್ಟು ದಿನವೂ ಗಂಟುಮೂಟೆ ಕಟ್ಟಿಕೊಂಡೇ ಕೂತಿದ್ರಿ ಅನ್ನಿ.”

“ನಿಮಗೆ ತೊಂದರೆ ಆಗಬಾರದು ಅಂತ.”

“ಇದು ತೊಂದರೆ ಅಲ್ವಾ? ಇವಳ ಕಂತಿಗೆ ನಿಮ್ಮ ಕವರನ್ನೇ ನಂಬಿಕೊಂಡು ಕೂತಿದ್ದೀವಿ. ಬೇರೆಯವರ ಮನೇಲಿ ‘ಅಪ್ಪ, ನಿಮ್ಮ ದುಡ್ಡು ನಮಗ್ಯಾಕೆ’ ಅಂತಾರೆ. ನನಗೆ ಹಾಗನ್ನೋ ಯೋಗ್ಯತೆ ಇಲ್ಲ. ನಮಗೆ ಅದು ಬೇಕಿತ್ತು.”

“ನಾನು ಓದು ಬಿಟ್ಟು ಕೆಲಸಕ್ಕೆ ಹೋಗ್ತೀನಿ,” ಅಂದಳು ಮೊಮ್ಮಗಳು.

“ನೀನು ಸುಮ್ನಿರು,” ಅಂದರು ಮೂವರೂ. ಆ ಮನೆಯಲ್ಲಿ ಮೂವರ ಬಾಯಲ್ಲಿ ಒಂದೇ ಮಾತು ಬಂದದ್ದು ಅವತ್ತು ಅದೊಂದೇ.

“ಎರಡು ವರ್ಷ ಮುಂಚೆ ಹೇಳಿದ್ರೆ ಕವರ್ ಸಣ್ಣದು ಮಾಡಬಹುದಿತ್ತಲ್ಲಪ್ಪ. ಅರ್ಧ ಕೊಟ್ಟಿದ್ರೂ ನಡೀತಿತ್ತು.”

“ಸಣ್ಣದು ಮಾಡಿದ್ರೆ ನೀನು ಯಾಕೆ ಅಂತ ಕೇಳ್ತಿದ್ದೆ.”

“ಕೇಳ್ತಿದ್ದೆ.”

“ಅದಕ್ಕೇ ಮಾಡಲಿಲ್ಲ.”

ಅಲ್ಲಿಗೆ ಊಟ ಮುಗಿಯಿತು. ಅಳಿಯ ಎಲ್ಲರ ತಟ್ಟೆಗಳನ್ನು ತಾನೇ ತೊಳೆದ. ಅವನು ತಟ್ಟೆ ತೊಳೆದನೆಂದರೆ ಮನೆಯಲ್ಲಿ ಪರಿಸ್ಥಿತಿ ನೆಟ್ಟಗಿಲ್ಲ ಎಂದೇ ಅರ್ಥ.

ಎರಡು ದಿನ ಕಳೆದು ಮಗಳು ಒಣಗಿದ ಬಟ್ಟೆ ಇಡುವ ನೆಪದಲ್ಲಿ ಅಪ್ಪನ ಕೋಣೆಗೆ ಬಂದಳು. ಬಟ್ಟೆ ಮಡಿಸುತ್ತ, ಅವನ ಕಡೆ ನೋಡದೆ ಅಂದಳು:

“ಅವತ್ತು ಬೆಳಿಗ್ಗೆ ನಿಮ್ಮ ಮುಖ ನೋಡೋಕೆ ಮುಂಚೆ ಉಪ್ಪಿನ ಡಬ್ಬಿ ನೋಡಿದೆ ನಾನು.”

“ಗೊತ್ತು. ಇಲ್ಲೇ ನಿಂತಿದ್ನಲ್ಲ.”

“ನನಗೆ ನಾಚಿಕೆ ಆಗ್ತಿದೆ ಅಪ್ಪ.”

ಅಜ್ಜನಿಗೆ ಅವಳ ತಲೆ ಮುಟ್ಟಬೇಕೆನ್ನಿಸಿತು. ಅವಳು ಆರನೆಯ ತರಗತಿ ದಾಟಿದ ಮೇಲೆ ಮುಟ್ಟಿದ ನೆನಪಿರಲಿಲ್ಲ. “ಆ ಟವಲ್ಲು ಇನ್ನೂ ಒಣಗಿಲ್ಲ, ಬಿಡು,” ಅಂದ.

ದಾರಿ ಹುಡುಕಿದವನೂ ಅವನೇ. ಮನೆ ಮೊದಲನೆಯ ಮಹಡಿಯಲ್ಲಿ. ಕೆಳಗೆ ಔಷಧಿ ಅಂಗಡಿ. ಅಂಗಡಿಯ ಪೆಟ್ಟಿಗೆಗಳು ಜಾಗ ಸಾಲದೆ ಮೆಟ್ಟಿಲ ಮೇಲೆಲ್ಲ ಕೂತು ಓಡಾಡುವವರ ಕಾಲಿಗೆ ತಗಲುತ್ತಿದ್ದವು.

“ನನ್ನ ಕೋಣೆ ಔಷಧಿ ಅಂಗಡಿಯವನಿಗೆ ಗೋಡೌನಿಗೆ ಕೊಡೋಣ,” ಅಂದ ಅಜ್ಜ. “ಕೇಳಿ ಬಂದಿದ್ದೀನಿ. ನನ್ನ ಕವರಿನ ಮುಕ್ಕಾಲು ಪಾಲು ಬಾಡಿಗೆ ಕೊಡ್ತಾನಂತೆ. ಎರಡು ತಿಂಗಳದ್ದು ಮುಂಗಡ.”

“ನೀವು ಎಲ್ಲಿ ಮಲಗ್ತೀರಿ?”

“ಹಾಲಲ್ಲಿ. ಚಪ್ಪಲಿ ಸ್ಟ್ಯಾಂಡ್ ಆ ಕಡೆ ಸರಿಸಿದ್ರೆ ಮಂಚ ಹಿಡಿಯುತ್ತೆ. ಅಳತೆ ನೋಡಿದ್ದೀನಿ.”

“ಅಪ್ಪನ್ನ ಕೋಣೆಯಿಂದ ಹೊರಗೆ ಹಾಕಿ ಬಾಡಿಗೆ ತಿಂತಾರೆ ಅನ್ನಲ್ವಾ ಜನ?”

“ಜನ ಬಂದು ಕಂತು ಕಟ್ತಾರಾ?”

ಮಗಳು ಗಂಡನ ಮುಖ ನೋಡಿದಳು. ಅವನು ಛಾವಣಿ ನೋಡಿದ. ಬೇಡ ಎಂದು ಯಾರಾದರೂ ಒಬ್ಬರು ಗಟ್ಟಿಯಾಗಿ ಅಂದಾರು ಎಂದು ಅಜ್ಜ ಸ್ವಲ್ಪ ಹೊತ್ತು ಕಾದ. ಎಂಟೂವರೆ ಆಯಿತು, ಮೊಮ್ಮಗಳು ಮೇಜು ಒರೆಸಿದಳು.

ಭಾನುವಾರ ಮಂಚ ಹೊರಗೆ ಬಂತು. ಸೋಮವಾರ ಪೆಟ್ಟಿಗೆಗಳು ಒಳಗೆ ಹೋದವು, ಎಂಬತ್ತನಾಲ್ಕು. ಅಜ್ಜ ಬಾಗಿಲಲ್ಲಿ ನಿಂತು ಎಣಿಸಿದ. ಕೆಮ್ಮಿನ ಔಷಧಿ ಕಿಟಕಿ ಬದಿಗೆ, ಬ್ಯಾಂಡೇಜು ಅವನ ತಲೆದಿಂಬು ಇರುತ್ತಿದ್ದ ಕಡೆ. ಅಂಗಡಿಯಲ್ಲಿ ಕೆಲಸಕ್ಕಿದ್ದ ಹೆಂಗಸು ದಿನಕ್ಕೆ ನಾಲ್ಕು ಸಲ ಮೇಲೆ ಬಂದು ಪೆಟ್ಟಿಗೆ ಒಯ್ಯುತ್ತಿದ್ದಳು.

“ಚೀಟಿ ಎಲ್ಲಮ್ಮ?” ಅಂದ ಮೊದಲ ದಿನ.

“ಎಂಥ ಚೀಟಿ ಅಜ್ಜ?”

“ಏನು ತಗೊಂಡೆ, ಎಷ್ಟು ತಗೊಂಡೆ ಅಂತ.”

“ಎಲ್ಲ ಕಂಪ್ಯೂಟರಲ್ಲಿದೆ. ನೀವು ಆರಾಮಾಗಿ ಮಲ್ಕೊಳ್ಳಿ,” ಎಂದು ಅವಳು ಪೆಟ್ಟಿಗೆ ಹೊತ್ತು ನಡೆದಳು. ಒಳ್ಳೆಯ ಹೆಂಗಸೇ. ಹೋಗುವಾಗ ಮಂಚಕ್ಕೆ ತಾಗಿದರೆ “ಸಾರಿ ಅಜ್ಜ” ಅನ್ನುತ್ತಿದ್ದಳು.

ಹಾಲಿನಲ್ಲಿ ಜನರ ಓಡಾಟವಿರುತ್ತದೆ, ಬೇಸರ ಕಳೆಯುತ್ತದೆ ಎಂದುಕೊಂಡಿದ್ದ. ಆದದ್ದು ಬೇರೆ. ಕೋಣೆಯಿದ್ದಾಗ ಮಗಳು ಬಾಗಿಲು ತಟ್ಟಿ ಬರುತ್ತಿದ್ದಳು, ಅಳಿಯ ಹೊಸ್ತಿಲ ಮೇಲೆ ನಿಂತು ಲಿಫ್ಟಿನ ಕಥೆ ಹೇಳುತ್ತಿದ್ದ, ಮೊಮ್ಮಗಳು ಮಂಚದ ತುದಿಯಲ್ಲಿ ಕೂತು ಓದುತ್ತಿದ್ದಳು. ಈಗ ತಟ್ಟಲು ಬಾಗಿಲಿಲ್ಲ. ಎಲ್ಲರೂ ಅವನನ್ನು ದಿನಕ್ಕೆ ಇಪ್ಪತ್ತು ಸಲ ದಾಟಿ ಹೋಗುತ್ತಿದ್ದರು, ದಾಟುವಾಗ ಹೆಜ್ಜೆಯ ಸದ್ದು ಸಣ್ಣ ಮಾಡುತ್ತಿದ್ದರು. “ಮೆಲ್ಲಗೆ, ಅಜ್ಜ ಮಲಗಿದ್ದಾರೆ” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಅಜ್ಜ ಎಚ್ಚರವಿರುತ್ತಿದ್ದ. ಕಣ್ಣು ಬಿಟ್ಟರೆ ಅವರು ಏನಾದರೂ ಮಾತಾಡಬೇಕಾದೀತೆಂದು ಮುಚ್ಚಿಯೇ ಇರುತ್ತಿದ್ದ. ಜೀವನದಲ್ಲಿ ಅಷ್ಟು ಒಂಟಿ ಹೆಂಡತಿ ಹೋದಾಗ ಕೂಡ ಅನ್ನಿಸಿರಲಿಲ್ಲ.

ಕೊನೆಯ ಕಂತು ಕಟ್ಟಿದ್ದಾಯಿತು. ಅದರ ಮಾರನೆಯ ಭಾನುವಾರ ಮಂಚದ ಕೆಳಗೆ ಗುಡಿಸುವಾಗ ಮಗಳ ಪೊರಕೆಗೆ ಬೆಂಕಿಪೊಟ್ಟಣ ಸಿಕ್ಕಿತು. ಅಲ್ಲಾಡಿಸಿದರೆ ಕಡ್ಡಿಯ ಸದ್ದಲ್ಲ. ತೆರೆದಳು. ಅರ್ಧರ್ಧ ಮಾತ್ರೆಗಳು, ನಾಲ್ಕೇ ಉಳಿದಿದ್ದವು.

“ಏನಪ್ಪ ಇದು?”

ಅಜ್ಜ ಎದ್ದು ಕೂತ. “ಇದ್ದಿದ್ದು ಎರಡರಷ್ಟು ದಿನ ಬರಲಿ ಅಂತ.”

“ಎಷ್ಟು ದಿನದಿಂದ ಅರ್ಧ ತಗೊಳ್ತಿದ್ದೀರಿ?”

“ಮೂರು ತಿಂಗಳಾಗ್ತಾ ಬಂತು.”

“ಮಾತ್ರೆ ಎರಡರಷ್ಟು ದಿನ ಬರಲಿ ಅಂತಾನಾ, ನೀವು ಬೇಗ ಮುಗೀಲಿ ಅಂತಾನಾ?”

ಅಜ್ಜ ಹೊದಿಕೆ ಮಡಿಸತೊಡಗಿದ. ಅಳಿಯ ಅಡುಗೆಮನೆಯಿಂದ ಇಣುಕಿ, ಹೆಂಡತಿಯ ಮುಖ ನೋಡಿ ಒಳಗೆ ಹೋದ.

“ಗೋಡೆ ಆಚೆ ಕೋಣೆ ತುಂಬ ಔಷಧಿ ಇದೆ. ಈಚೆ ನೀವು ಅರ್ಧ ಮಾತ್ರೆ ನುಂಗಿಕೊಂಡು ಮಲಗಿದ್ದೀರಿ. ಬೇಕು ಅಂತ ಒಂದು ಮಾತು ಕೇಳೋಕೆ ಏನು ರೋಗ ನಿಮಗೆ?”

“ಕೇಳಿ ಅಭ್ಯಾಸ ಇಲ್ಲ ಕಣಮ್ಮ. ಕೊಟ್ಟು ಅಭ್ಯಾಸ.”

“ಬಾಯಲ್ಲಿ ಕೇಳೋಕೆ ಆಗದಿದ್ರೆ ಚೀಟಿ ಬರೆದು ಕೊಡಿ,” ಎಂದು ಮಗಳು ಪೊರಕೆ ಎಸೆದು ಬಚ್ಚಲಿಗೆ ಹೋದಳು. ಅವಳು ಅಂದದ್ದು ಸಿಟ್ಟಿಗೆ. ಒಳಗೆ ನಲ್ಲಿ ಬಿಟ್ಟುಕೊಂಡು ಅತ್ತಳು, ನೀರಿನ ಸದ್ದಿನ ನಡುವೆಯೂ ಅದು ಹಾಲಿಗೆ ಕೇಳಿಸುತ್ತಿತ್ತು.

ಅವಳು ಮುಖ ತೊಳೆದು ಹೊರಗೆ ಬಂದಾಗ ಅಜ್ಜ ಮೇಜಿನ ಮುಂದೆ ಕೂತಿದ್ದ. ಹೋದ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ಹರಿದು ಹಿಂಭಾಗಕ್ಕೆ ಸ್ಕೇಲಿನಿಂದ ಗೆರೆ ಎಳೆದು, ಐದು ಮನೆ ಮಾಡಿ, ದುಂಡು ಅಕ್ಷರದಲ್ಲಿ ತುಂಬಿ, ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟಿದ್ದ. ಅವಳು ತೆಗೆದು ಓದಿದಳು. ವಸ್ತು: ರಕ್ತದೊತ್ತಡದ ಮಾತ್ರೆ. ಕಾರಣ: ಅವಧಿ ಮುಗಿದಿದೆ, ಇನ್ನೂ ಓಡುತ್ತಿದೆ. ಬೇಡಿದವರ ಸಹಿ ಇತ್ತು. ಪ್ರಮಾಣದ ಮನೆ ಖಾಲಿ ಇತ್ತು.

“ಎಷ್ಟು ಅಂತ ಬರೆದಿಲ್ಲ.”

“ಗೊತ್ತಾಗಲಿಲ್ಲ.”

“ಗೊತ್ತಿಲ್ಲದೆ ಕೇಳಬಾರದು ಅಂತಿದ್ರಿ.”

“ಅಂತಿದ್ದೆ.”

ಅವಳು ಅಪ್ಪನನ್ನು ನೋಡಿದಳು. ಕೂದಲು ಬೆಳೆದು ಕಿವಿ ಮುಚ್ಚಿತ್ತು. ಕ್ಷೌರ ನಿಲ್ಲಿಸಿ ಎಷ್ಟು ದಿನವಾಯಿತೆಂದು ಅವಳಿಗೆ ತಿಳಿಯಲಿಲ್ಲ. ಚೀಲ ತೆರೆದು ಪರ್ಸಿನೊಳಗೆ ನೋಡಿ ಮುಚ್ಚಿದಳು. ಪೆನ್ನು ತೆಗೆದುಕೊಂಡು ಖಾಲಿ ಮನೆಯಲ್ಲಿ ಮೂವತ್ತು ಎಂದು ಬರೆದಳು, ಕೆಳಗೆ ಮಂಜೂರು ಮಾಡಿದವರ ಜಾಗದಲ್ಲಿ ಸಹಿ ಹಾಕಿದಳು.

“ಮುಂದಿನ ತಿಂಗಳು ಮತ್ತೆ ಬರೀರಿ,” ಅಂದಳು. “ಅದರ ಮುಂದಿನ ತಿಂಗಳೂ ಬರೀರಿ.”

ಅಜ್ಜ ಚೀಟಿ ತೆಗೆದುಕೊಂಡು ಐದೂ ಮನೆಗಳ ಮೇಲೆ ಬೆರಳಾಡಿಸಿ ನೋಡಿದ. “ಸರಿಯಾಗಿದೆ,” ಎಂದು ಹಿಂದಕ್ಕೆ ಕೊಟ್ಟ. ಅವಳು ಅದನ್ನು ಹಿಡಿದು ಮೆಟ್ಟಿಲಿಳಿದು ಔಷಧಿ ಅಂಗಡಿಗೆ ಹೋದಳು. ಅಳಿಯ ಸ್ನಾನಕ್ಕೆ ಹೋದ, ಮೊಮ್ಮಗಳು ತನ್ನ ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಿದ್ದಳು. ಹಾಲಿನಲ್ಲಿ ಅಜ್ಜ ಒಬ್ಬನೇ ಉಳಿದ.

ಕ್ಯಾಲೆಂಡರ್ ಹಾಳೆ ಇನ್ನೂ ಅರ್ಧ ಮಿಕ್ಕಿತ್ತು. ಸ್ಕೇಲು ತೆಗೆದುಕೊಂಡು ಮುಂದಿನ ತಿಂಗಳ ಚೀಟಿಗೆ ಗೆರೆ ಎಳೆದ. ಅದರ ಕೆಳಗೆ ಇನ್ನೊಂದು ಎಳೆದ. ಒಟ್ಟಿಗೇ ಮಾಡಿಟ್ಟುಕೊಂಡರೆ ಒಳ್ಳೆಯದು ಎಂದು ಮೂರನೆಯದಕ್ಕೆ ಸ್ಕೇಲು ಇಟ್ಟವನು, ಎಷ್ಟು ಮಾಡಿಟ್ಟುಕೊಳ್ಳಬೇಕೆಂದು ತಿಳಿಯದೆ, ಪೆನ್ಸಿಲು ಹಿಡಿದು ಹಾಗೇ ಕೂತ.